ತಮಟೆಗೆ ಬಿದ್ದ ಏಟು

"ಗುರುಗಳೇ, ಹೆತ್ತವರು ಮಕ್ಕಳಿಗೆ ಹೊಡೆಯಕೂಡದೆಂದು ಕಾನೂನು ಮಾಡುವುದು ಸರಿಯೇ? ಮನೆಯೊಳಗಿನ ಮಾತಿನಲ್ಲಿ ಊರಿಗೇನು ಕೆಲಸ?"

ಶಿಷ್ಯನೊಬ್ಬ ಕೆಂಪಾದ ಅಂಗೈಯನ್ನು ಉಜ್ಜಿಕೊಳ್ಳುತ್ತ ಕೇಳಿದ. ಅವನು ಸಂಸಾರಸ್ಥ, ಪಾಠಕ್ಕೆಂದು ಮನೆಯಿಂದ ಆಗಷ್ಟೇ ಬಂದಿದ್ದ.

ಗುರು ಕತೆ ಹೇಳಿದರು.

ಒಂದು ಊರಿನಲ್ಲಿ ಡಂಗುರ ಸಾರುವವನೊಬ್ಬನಿದ್ದ. ಆ ಊರಿನ ಪದ್ಧತಿ ಹೀಗಿತ್ತು: ತಮಟೆಯ ಸದ್ದು ಒಮ್ಮೆ ಕೇಳಿದರೂ ಸಾಕು, ಜನ ಕೆಲಸ ಬಿಟ್ಟು ಬರಬೇಕು; ಸದ್ದು ಮಾಡಿದವನು ಸುದ್ದಿ ಹೇಳಲೇಬೇಕು, ಸುಳ್ಳಾಡಕೂಡದು. ಡಂಗುರದವನಿಗೆ ಒಬ್ಬಳೇ ಮಗಳು. ಅವಳೆಂದರೆ ಜೀವ. ಆದರೆ ಸಿಟ್ಟು ಬಂದರೆ ಕೈ ಅವನ ಮಾತು ಕೇಳುತ್ತಿರಲಿಲ್ಲ. ಅವನ ಹೆಜ್ಜೆಯ ಸಪ್ಪಳಕ್ಕೆ ಮಗಳು ಕಣಜದ ಹಿಂದೆ ಅಡಗುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಅವನು ತನ್ನ ಕೈಯನ್ನೇ ಬೈದುಕೊಳ್ಳುತ್ತಿದ್ದ.

ಒಂದು ದಿನ ದೊರೆಯ ಅಪ್ಪಣೆ ಬಂತು: ಇನ್ನು ಹೆತ್ತವರು ಮಕ್ಕಳಿಗೆ ಹೊಡೆಯಕೂಡದು. ಅವನು ಅದನ್ನು ಬೀದಿಬೀದಿಗೂ ಸಾರಿ, ದಣಿದು ಮನೆಗೆ ಬಂದ. ಹಬ್ಬಕ್ಕೆಂದು ಇಟ್ಟಿದ್ದ ಬೆಲ್ಲದ ಅಚ್ಚು ಕಾಣೆಯಾಗಿತ್ತು. ಮಗಳ ಗಲ್ಲವೆಲ್ಲ ಅಂಟು. ಅವನ ಕೈ ಮೇಲೆದ್ದಿತು.

"ಅಪ್ಪಾ, ಈಗ ತಾನೇ ನೀನೇ ಸಾರಿದೆಯಲ್ಲ!"

"ಅದು ಊರಿಗೆ ಕಣೇ, ನನಗಲ್ಲ!"

ಮಗಳು ತಮಟೆಯನ್ನು ಎತ್ತಿ ಅಡ್ಡ ಹಿಡಿದಳು. ಏಟು ಅದರ ಮೇಲೆ ಬಿತ್ತು. ಊರೇ ಬಾಗಿಲಿಗೆ ಬಂತು. ಪಕ್ಕದ ಮನೆಯ ಮುದುಕಿ ಹಿಟ್ಟಿನ ಕೈಯಲ್ಲೇ ಓಡಿಬಂದು, "ಏನಪ್ಪಾ ಸುದ್ದಿ?" ಎಂದಳು.

ಅವನು ತಲೆ ತಗ್ಗಿಸಿ ಹೇಳಿದ: "ನನ್ನ ಮಗಳು ಬೆಲ್ಲ ತಿಂದಳು."

"ಮಕ್ಕಳು ಬೆಲ್ಲ ತಿನ್ನದೆ ಬೇವು ತಿನ್ನುತ್ತಾರೇನೋ? ಇಷ್ಟಕ್ಕೆ ನನ್ನ ರೊಟ್ಟಿ ಸೀದುಹೋಯಿತಲ್ಲೋ!"

ಊರೆಲ್ಲ ನಕ್ಕಿತು. ಮಗಳೂ ನಕ್ಕಳು. ಕೊನೆಗೆ ಅವನಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಅವಳು ಮಡಕೆ ಒಡೆದಳು. ತಮಟೆ ಸದ್ದಾಯಿತು, ಊರು ಬಂತು, ಮತ್ತೊಂದು ರೊಟ್ಟಿ ಸೀದುಹೋಯಿತು. ಮೂರನೆಯ ದಿನ ಅವನು ಮತ್ತೆ ಕೈಯೆತ್ತಿದ. ಮಗಳು ತಮಟೆ ಹಿಡಿದು ಕಾದಳು. ಅವನಿಗೆ ಮುದುಕಿಯ ಒಲೆ ನೆನಪಾಯಿತು. ಊರಿಗೆ ಹೇಳುವಂಥ ಕಾರಣವನ್ನು ಹುಡುಕಿದ, ಒಂದೂ ಸಿಗಲಿಲ್ಲ. ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.

"ಬಾರಿಸುವುದಿಲ್ಲವೇನಪ್ಪಾ?" ಎಂದು ಮಗಳು ಮುಖ ಸಣ್ಣದು ಮಾಡಿದಳು.

ಕೆಲವು ದಿನ ಕಳೆದವು. ಈಗ ಅವನ ಹೆಜ್ಜೆಯ ಸಪ್ಪಳ ಕೇಳಿದರೆ ಅವಳು ಬೀದಿಯ ತುದಿಗೇ ಓಡಿಬರುತ್ತಿದ್ದಳು. ತಮಟೆಯನ್ನು ತಾನೇ ಹೊತ್ತು, ಕುಣಿಯುತ್ತ ಅಪ್ಪನ ಮುಂದೆ ನಡೆಯುತ್ತಿದ್ದಳು.

ಕತೆ ಮುಗಿಯಿತು. ಶಿಷ್ಯನಿಗೆ ನಗುವೋ ನಗು. ಗುರುವೂ ನಗುತ್ತಲೇ ಅವನ ಕೆಂಪು ಅಂಗೈಯನ್ನು ನೋಡಿ ಕೇಳಿದರು:

"ಇಂದು ಬೆಳಿಗ್ಗೆ ನಿನ್ನ ಮನೆಯ ಸುದ್ದಿಯೇನಪ್ಪಾ?"