ಹಾಲಪ್ಪನ ಕಣ್ಣು

ಹೊಳೆ ದಂಡೆಯ ಮಠದಲ್ಲಿ ಚನ್ನವೀರನೆಂಬ ಶಿಷ್ಯನಿದ್ದ. ಒಳ್ಳೆಯವನೇ, ಆದರೆ ಬಾಯಿ ತೆರೆದರೆ ಉಪದೇಶ. ಕುಡಿಯಲು ನೀರು ಕೇಳಿದವರಿಗೂ ಮೊದಲು ನೀರಿನ ತತ್ವ ಹೇಳಿ, ಆಮೇಲೆ ತಂಬಿಗೆ ಹುಡುಕುತ್ತಿದ್ದ.

ಗುರುಗಳು ಬೇರೆ ಊರಿಗೆ ಹೋಗಿದ್ದಾಗ ಕಂಬಳಿ ನೇಯುವ ಹಾಲಪ್ಪ ಬಂದ. ವಯಸ್ಸಾದ ಜೀವ. ಕಂಬ ತಡವಿಕೊಂಡು ಕುಳಿತ.

"ಸ್ವಾಮ್ಯಾರ, ಕಣ್ಣು ಮಂಜಾಗ್ಯಾವ. ಎಳಿ ಕಡಿದರ ಕಾಣವಲ್ದು. ಮಗ್ಗ ಬಿಟ್ಟರ ನನಗ ಬ್ಯಾರೆ ಏನೂ ಬರೂದಿಲ್ಲ. ಏನು ಮಾಡ್ಲಿ?"

ಚನ್ನವೀರ ಬೆನ್ನು ನೆಟ್ಟಗೆ ಮಾಡಿಕೊಂಡ.

"ಹೊರಗಿನ ಕಣ್ಣು ಇವತ್ತಲ್ಲ ನಾಳೆ ಹೋಗೂವಂಥಾದ್ದು. ಒಳಗಿನ ಕಣ್ಣು ತೆರೀರಿ" ಎಂದು ಶುರು ಮಾಡಿದವನು ಹೊತ್ತು ಇಳಿಯುವವರೆಗೆ ಹೇಳಿದ. ಹಾಲಪ್ಪ ಕೈಮುಗಿದು ಕೇಳಿ, ಕೈಮುಗಿದು ಹೋದ.

ಅಂದು ಚನ್ನವೀರನಿಗೆ ಊಟ ಬಹಳ ರುಚಿಸಿತು.

ಮಳೆಗಾಲ ಮುಗಿದ ಮೇಲೆ ಹಾಲಪ್ಪ ಮತ್ತೆ ಬಂದ. ಈಗ ಕೈಯಲ್ಲಿ ಕೋಲು. ಕೋಲು ಮೊದಲು ಮೆಟ್ಟಿಲು ಹುಡುಕಿತು, ಆಮೇಲೆ ಕಂಬ. ಹೆಗಲ ಮೇಲೆ ಹೊಸ ಕಂಬಳಿ ಇತ್ತು.

"ಸಣ್ಣ ಸ್ವಾಮ್ಯಾರು ಎಲ್ಲದಾರ್ರಿ? ಇದು ಅವರಿಗೆ. ಕೈಲೆ ತಡವಿ ತಡವಿ ನೇಯ್ದೀನಿ. ಅವರ ಮಾತಿನಿಂದ ಭಾಳ ಸಮಾಧಾನ ಆತು."

ಜಗಲಿಯಲ್ಲಿದ್ದ ಗುರುಗಳು ಕೇಳಿದರು: "ವೈದ್ಯರಿಗೆ ತೋರಿಸಲಿಲ್ಲೇನು, ಹಾಲಪ್ಪಾ?"

"ಮೊನ್ನೆ ಸಂತ್ಯಾಗ ಯಾರೋ ಹೇಳಿದರ್ರಿ. ಊರಾಚಿ ಛತ್ರದಾಗ ಅಮಾಸಿಗೊಮ್ಮೆ ಕಣ್ಣಿನ ವೈದ್ಯರು ಕೂಡ್ತಾರಂತ, ವಯಸ್ಸಾದವರಿಗೆ ಪುಕ್ಕಟೆ ನೋಡ್ತಾರಂತ. ಹೋದೆ. ಮಳಿಗಿಂತ ಮೊದಲ ಬಂದಿದ್ದರ ಉಳೀತಿದ್ದವು ಅಂದರು. ನನ್ನ ಹಣೇಬರಹ."

ಗುರುಗಳು ಪಕ್ಕದಲ್ಲೇ ನಿಂತಿದ್ದ ಚನ್ನವೀರನ ಕಡೆ ತಿರುಗಿದರು.

"ಭಿಕ್ಷಾಕ್ಕ ಯಾವ ದಾರಿ ಹಿಡೀತಿ, ತಮ್ಮಾ?"

"ಛತ್ರದ ಮುಂದಿಂದ ಹೋಗ್ತೀನ್ರಿ."

"ಆ ವೈದ್ಯರನ್ನ ನೋಡೀಯೇನು?"

"ನೋಡೀನ್ರಿ. ಅಮಾಸಿ ದಿನ ಮುದುಕರು ಸಾಲು ಹಚ್ಚಿ ಕೂತಿರ್ತಾರ."

"ಹಾಲಪ್ಪಗ ಯಾಕ ಹೇಳಲಿಲ್ಲ?"

"ಮಠಕ್ಕ ಬಂದವರಿಗೆ ಹೇಳಾಕ ಅದು ಭಾಳ ಸಣ್ಣ ಮಾತು ಅನಿಸಿತ್ರಿ."

ಕಂಬಳಿ ಮಡಚುತ್ತಿದ್ದ ಹಾಲಪ್ಪನ ಕೈ ನಿಂತಿತು.

"ಹಂಗಾರ ನಿಮಗ ಗೊತ್ತಿತ್ತು" ಎಂದ.

ಬೈಯಲಿಲ್ಲ. ಬೈದಿದ್ದರೆ ಚನ್ನವೀರನಿಗೆ ಎಷ್ಟೋ ಹಗುರಾಗುತ್ತಿತ್ತು. ತಂದ ಕಂಬಳಿಯನ್ನು ಅವನ ಕೈಯಲ್ಲೇ ಇಟ್ಟ. ಅಲ್ಲಲ್ಲಿ ಎಳೆ ತಪ್ಪಿ, ಬೆರಳು ತೂರುವಷ್ಟು ಸಂದಿಗಳಿದ್ದವು.

ಚನ್ನವೀರ ಅಳುತ್ತ ಗುರುಗಳ ಕಾಲಿಗೆ ಬಿದ್ದ.

"ಪ್ರಾಯಶ್ಚಿತ್ತ ಹೇಳ್ರಿ. ಉಪವಾಸ ಕೂಡ್ತೀನಿ."

"ನೀ ಉಪವಾಸ ಕೂತರ ಹಾಲಪ್ಪಗ ಕಣ್ಣು ಬರ್ತಾವೇನು?"

ಗುರುಗಳೇ ಮುಂದುವರಿಸಿದರು:

"ಅದೇ ಛತ್ರದಾಗ ಸಂಜೀಕ ವಯಸ್ಸಾದವರಿಗೆ ತತ್ವಪದ ಕಲಿಸ್ತಾರ. ಅದಕ್ಕ ಕಿವಿ ಇದ್ದರ ಸಾಕು. ದಿನಾ ಕೈ ಹಿಡಿದು ಕರಕೊಂಡು ಹೋಗು."

ಚನ್ನವೀರ ಎದ್ದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ಹಾಲಪ್ಪನ ಕೈ ಹಿಡಿದ. ಮೆಟ್ಟಿಲ ಬಳಿ ನಿಂತು ಹಿಂದಿರುಗಿ ನೋಡಿದ.

"ದಾರಿಯಾಗ ಇವರಿಗೆ ನಾ ಏನಂತ ಹೇಳ್ಲಿ, ಗುರುಗಳೇ?"

"ಕಲ್ಲು ಎಲ್ಲೆಲ್ಲಿ ಅದಾವ ಅಂತ ಹೇಳು."