ಒಂಬತ್ತು ಕೊತ್ತಲದ ಕೂಗು

"ಬುದ್ಧಿ, ಇನ್ನೆಂದೂ ನೋವಾಗದಂತೆ ಮನಸ್ಸಿಗೆ ಎಷ್ಟು ಸುತ್ತು ಗೋಡೆ ಕಟ್ಟಿಕೊಳ್ಳಬೇಕು?"

ಕೇಳಿದವನು ಮಠದ ಶಿಷ್ಯ ಅಡವಯ್ಯ. ಜೊತೆಗಾರ ಮರುಳಯ್ಯ ಅವನ ಗುಟ್ಟೊಂದನ್ನು ನಾಲ್ಕು ಜನರ ಮುಂದೆ ಆಡಿ ನಗಿಸಿದ್ದ. ಅಂದಿನಿಂದ ಅಡವಯ್ಯ ಯಾರೊಡನೆಯೂ ಮಾತಾಡಿರಲಿಲ್ಲ. ಬೆಳಿಗ್ಗೆ ಕೋಣೆಯ ಮುಂದೆ ಇಟ್ಟಿರುತ್ತಿದ್ದ ತಂಬಿಗೆ ನೀರನ್ನು ಒಳಕ್ಕೆ ತೆಗೆದುಕೊಂಡು ಕದ ಹಾಕಿಕೊಳ್ಳುತ್ತಿದ್ದ. ಹೀಗೆ ಒಂದು ತಿಂಗಳಾಗಿತ್ತು.

"ಕಟ್ಟುವ ಕೆಲಸವೇ? ಹಾಗಾದರೆ ಕಟ್ಟಿ ನೋಡಿದವನ ಕತೆ ಕೇಳು," ಎಂದರು ಗುರುಗಳು.

ಒಬ್ಬ ಪಾಳೆಯಗಾರನಿದ್ದ. ಒಡಹುಟ್ಟಿದ ತಮ್ಮನೇ ಅವನಿಗೆ ಎರಡು ಬಗೆದಿದ್ದ. ಇನ್ನು ಯಾರನ್ನೂ ನಂಬಲಾರೆ ಎಂದು ಅವನು ಗುಡ್ಡದ ಮೇಲೆ ಮೂರು ಸುತ್ತಿನ ಕೋಟೆ ಕಟ್ಟಿಸಿದ. ಕಲ್ಲಿಗೆ ಕಲ್ಲು ಎಷ್ಟು ಒತ್ತಾಗಿ ಕೂಡಿತ್ತೆಂದರೆ ನಡುವೆ ಸೂಜಿ ತೂರುತ್ತಿರಲಿಲ್ಲ. ಆನೆ ಓಡಿಬಂದು ಬಾಗಿಲಿಗೆ ಗುದ್ದಬಾರದೆಂದು ದಾರಿಯನ್ನು ಬಾಗಿಲ ಮುಂದೆಯೇ ತಿರುಗಿಸಿದ್ದ. ನಿಂತಲ್ಲಿಂದಲೇ ಗುದ್ದೀತು ಎಂದು ಅದರ ಹಣೆಯ ಎತ್ತರಕ್ಕೆ ಸರಿಯಾಗಿ ಕದಕ್ಕೆ ಕಬ್ಬಿಣದ ಮುಳ್ಳು ಹೊಡೆಸಿದ್ದ. ಹೊರಗೋಡೆಗೆ ಒಂಬತ್ತು ಕೊತ್ತಲ, ಕೊತ್ತಲಕ್ಕೊಬ್ಬ ಕಾವಲುಗಾರ. ಹೊತ್ತು ಮುಳುಗುವಾಗ ಮೊದಲನೆಯವನು "ಎಚ್ಚರ!" ಎಂದು ಕೂಗಬೇಕು. ಎರಡನೆಯವನು ಅದನ್ನು ಎತ್ತಿಕೊಳ್ಳಬೇಕು. ಹೀಗೆ ಕೂಗು ಕೋಟೆ ಸುತ್ತಬೇಕು. ಕೆಳಗೆ ಹೊಂಚು ಹಾಕಿದ್ದ ಹಗೆಯ ದಂಡು ಆ ಕೂಗನ್ನು ಎಣಿಸುತ್ತಿತ್ತು. ಒಂಬತ್ತೂ ಕೇಳಿದ ದಿನ ಏಣಿ ಮುಟ್ಟುತ್ತಿರಲಿಲ್ಲ.

ಇಷ್ಟಾದರೂ ಪುಣ್ಯಾತ್ಮನಿಗೆ ಧೈರ್ಯ ಸಾಲಲಿಲ್ಲ. ಹೊರಗಿನವರನ್ನು ತಡೆದಾಯಿತು, ಒಳಗಿನವರನ್ನು ತಡೆಯುವುದು ಹೇಗೆ? ಒಳಸುತ್ತಿನ ಬಾಗಿಲಿಗೆ ತಾನೇ ಬೀಗ ಹಾಕಿಕೊಂಡು ಕುಳಿತ. ಕದದ ಕಿಂಡಿಯಲ್ಲಿ ಊಟ ಬರುತ್ತಿತ್ತು. ಯಾರು ತರುತ್ತಾರೆಂದು ಅವನು ಬಗ್ಗಿ ನೋಡಲಿಲ್ಲ. ಸಂಜೆ ಒಂಬತ್ತು ಕೂಗು ಎಣಿಸಿದ ಮೇಲೆಯೇ ತುತ್ತು ಎತ್ತುತ್ತಿದ್ದ. ಹೀಗೆ ಹನ್ನೆರಡು ವರ್ಷ.

ಮುಖವನ್ನೇ ತೋರಿಸದ ಒಡೆಯನಿಗೆ ಯಾರು ಎಷ್ಟು ದಿನ ದುಡಿದಾರು? ಕಾವಲಿನವರು ಒಬ್ಬೊಬ್ಬರಾಗಿ ಹಗ್ಗ ಹಿಡಿದು ಇಳಿದುಹೋದರು. ಕೊನೆಗೆ ಉಳಿದವನು ಒಬ್ಬ ಮುದುಕ. ಅವನು ಮೊದಲ ಕೊತ್ತಲದಲ್ಲಿ ಕೂಗಿ, ಎರಡನೆಯದಕ್ಕೆ ಓಡಿ, ದನಿ ಬದಲಿಸಿ, ತನ್ನ ಕೂಗಿಗೆ ತಾನೇ ಓಗೊಡುತ್ತಿದ್ದ. ಒಂಬತ್ತೂ ಮುಗಿದ ಮೇಲೆ ಕಣಜದ ರಾಗಿ ಬೀಸಿ, ಮುದ್ದೆ ಮಾಡಿ, ಕಿಂಡಿಯಲ್ಲಿ ಇಟ್ಟು ಬರುತ್ತಿದ್ದ. ಅವನೊಡನೆ ಮಾತಾಡಲು ಆ ಗುಡ್ಡದ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಒಳಗಿದ್ದ ಪಾಳೆಯಗಾರನಾದರೋ, ಕೂಗು ತಡವಾಗುತ್ತಿದೆ, ಕಾವಲಿನವರು ಸೋಮಾರಿಗಳಾಗಿದ್ದಾರೆ ಎಂದು ಮನಸ್ಸಿನಲ್ಲೇ ಬೈದುಕೊಂಡ. ಅಯ್ಯೋ ಪಾಪ, ಮುದುಕನ ಮೊಣಕಾಲು ಅವನಿಗೆ ಹೇಗೆ ಕಾಣಬೇಕು!

ಒಂದು ಸಂಜೆ ಕೂಗು ಆರಕ್ಕೆ ನಿಂತಿತು. ಪಾಳೆಯಗಾರ ಕಾದ. ಏಳನೆಯದು ಬರಲಿಲ್ಲ. ತುಕ್ಕು ಹಿಡಿದ ಬೀಗವನ್ನು ಕಲ್ಲಿನಿಂದ ಒಡೆದು ಹೊರಗೋಡೆಗೆ ಓಡಿದ. ಕೊತ್ತಲಗಳೆಲ್ಲ ಬರಿದಾಗಿದ್ದವು. ಆರನೆಯದರ ಮೆಟ್ಟಿಲ ಮೇಲೆ ಮುದುಕ ಬಿದ್ದಿದ್ದ. ಪಾಳೆಯಗಾರನ ಕಣ್ಣು ಉಳಿದವರನ್ನು ಹುಡುಕಿತು.

"ಯಾರೂ ಇಲ್ಲ, ಒಡೆಯಾ. ಮೂರು ವರ್ಷದಿಂದ ನಾನೊಬ್ಬನೇ," ಎಂದ ಮುದುಕ. "ಇವತ್ತು ಕಾಲು ಸೋತಿತು. ಇನ್ನು ಮೂರು ಬಾಕಿ ಇವೆ, ನೀವೇ ಕೂಗಿಬಿಡಿ."

ಪಾಳೆಯಗಾರ ಏಳನೆಯ ಕೊತ್ತಲ ಹತ್ತಿ ಬಾಯಿ ತೆರೆದ. ಹನ್ನೆರಡು ವರ್ಷ ಯಾರೊಡನೆಯೂ ಒಂದು ಮಾತಾಡದ ಗಂಟಲು ಅದು. ದನಿ ಹೊರಡಲಿಲ್ಲ. ಕೆಳಗೆ ಏಣಿಗಳು ಒಂದೊಂದಾಗಿ ಗೋಡೆಗೆ ಒರಗಿದವು.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಕೋಟೆ ಏನಾಯಿತೆಂದು ಕೇಳಲಿಲ್ಲ.

"ಎಲ್ಲರೂ ಹೋದ ಮೇಲೂ ಆ ಮುದುಕ ಯಾಕೆ ಉಳಿದ, ಬುದ್ಧಿ?" ಎಂದ.

"ಅದನ್ನು, ದಿನಾ ನಿನ್ನ ಬಾಗಿಲಿಗೆ ನೀರು ತಂದಿಡುವ ಮರುಳಯ್ಯನನ್ನೇ ಕೇಳು."