ಬೂದಿಕಣಿವೆಯ ಸುಂಕದವಳು

“ಕೇಳಿರಪ್ಪೋ ಕೇಳಿ! ಬೂದಿಕಣಿವೆಯ ಬಾಗಿಲು ತೆರೆಸಿದವನ ಕೈಗೆ ರಾಜ್ಯದ ವ್ಯಾಪಾರವೆಲ್ಲ ಒಪ್ಪಿಸಲಾಗುವುದು! ಸುಂಕದವಳ ಮೂರು ಒಗಟಿಗೆ ಉತ್ತರ ತಪ್ಪಿದರೆ ಪ್ರಾಣ ಹೋದೀತು, ಅದಕ್ಕೆ ಅರಮನೆ ಹೊಣೆಯಲ್ಲ!”

ಡಂಗುರ ಕೇಳಿ ಕಂಬಳಿ ನೇಯುವ ಮಾಳಿಂಗ ಖಾಲಿ ಮಗ್ಗ ಬಿಟ್ಟು ಎದ್ದ. ಈ ರಾಜ್ಯದ್ದೂ ಸೇರಿ ಏಳು ಪೇಟೆಗಳು ಒಂದೇ ವ್ಯಾಪಾರದ ಕಟ್ಟಿನಲ್ಲಿದ್ದಾಗ ಯಾರ ಹೇರು ಎಲ್ಲಿಗೆ ಹೋದರೂ ಕೇಳುವವರಿರಲಿಲ್ಲ. ‘ನಮ್ಮ ದಾರಿ ನಮಗೆ’ ಅಂತ ದೊರೆ ಕಟ್ಟು ಬಿಚ್ಚಿಕೊಂಡು ಹೊರಬಂದ. ಅವತ್ತೇ ಕಣಿವೆಯ ಕಲ್ಲುಬಾಗಿಲಲ್ಲಿ ಈ ಸುಂಕದವಳು ಬಂದು ಕೂತಳು. ಎಲ್ಲಿಂದ ಬಂದಳೋ ಶಿವನೇ ಬಲ್ಲ. ಆಚೆಯ ಉಣ್ಣೆ ಆಚೆಗೇ ಉಳಿಯಿತು. ಹೀಗೇ ಹೋದರೆ ಕೇರಿಯವರೆಲ್ಲ ಮಗ್ಗ ಒಲೆಗಿಟ್ಟು ಊರು ಬಿಡಬೇಕು.

ಕಣಿವೆಯಲ್ಲಿ ಹಾಡುಹಗಲೇ ಮಬ್ಬು. ಬಾಗಿಲ ಕಲ್ಲಿನೊಳಗಿಂದ ಯಾರೋ ದರ ಕೂಗುತ್ತಿದ್ದರು. ಬೆಲ್ಲ, ಮೆಣಸು, ಎಣ್ಣೆ. ತಪ್ಪು ಹೇಳಿ ಸತ್ತ ವರ್ತಕರ ದನಿಗಳು.

ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು: ಜವಳಿ ಸಾಹುಕಾರ ಅಡಿವೆಪ್ಪ, ದಳವಾಯಿ ಕೆಂಚರಾಯ.

“ಏನೋ ಕಂಬಳಿ, ನೀನೂ ಸಾಯಕ್ಕೆ ಬಂದ್ಯಾ?” ಅಡಿವೆಪ್ಪ ನಕ್ಕ.

“ಮನೇಲಿ ಕೂತ್ರೂ ಅದೇ ಆಗೋದು ಸಾವ್ಕಾರ್ರೆ.”

ಬಾಗಿಲ ಕತ್ತಲು ಮಾತಾಡಿತು. “ನಿನ್ನೆ ಇರಲಿಲ್ಲ, ಇವತ್ತಿದೆ. ಹಕ್ಕಿ ದಾಟುತ್ತೆ, ಗಾಳಿ ದಾಟುತ್ತೆ, ಹೇರಿನ ಎತ್ತು ನಿಲ್ಲುತ್ತೆ. ಏನದು?”

“ಗೋಡೆ,” ಅಂದ ಸಾಹುಕಾರ. ಅಂದ ಬಾಯಿ ತೆರೆದೇ ಇತ್ತು, ಉಸಿರು ಹೊರಟುಹೋಗಿತ್ತು. ಮರುಕ್ಷಣ ಕಲ್ಲಿನೊಳಗೆ ಅವನದೇ ದನಿ ರೇಷ್ಮೆಯ ದರ ಕೂಗಿತು.

“ಗಡಿ,” ಅಂದ ಮಾಳಿಂಗ. ಅವನಿಗೇನೂ ಆಗಲಿಲ್ಲ.

“ಕೂಡಿದ್ದಾಗ ಯಾರ ಕಣ್ಣಿಗೂ ಬೀಳದು. ಮುರಿದ ಮೇಲೆ ಎಲ್ಲರೂ ಹುಡುಕುತ್ತಾರೆ. ಕದ್ದವನ ಕೈಗೂ ಸಿಗದು.”

“ನಿಧಿ!” ಅಂತ ಗುಡುಗಿದ ದಳವಾಯಿ ನಿಂತಲ್ಲೇ ಕುಸಿದ.

“ನಂಬಿಕೆ ಕಣವ್ವಾ,” ಅಂದ ಮಾಳಿಂಗ.

ಕತ್ತಲು ಹತ್ತಿರ ಸರಿಯಿತು. “ಏಳು ಮನೆಗೆ ಒಂದೇ ಕಂಬ. ಕಂಬ ಬಿಟ್ಟುಬಂದ ಮನೆ ಬೀಳದೆ ನಿಲ್ಲೋದು ಹೇಗೆ?”

ಇದು ಮಾಳಿಂಗನಿಗೆ ಗೊತ್ತಿರಲಿಲ್ಲ. ಉಣ್ಣೆ ಸಂತೆಯಲ್ಲಿ ಬಾಯಿಮಾತು ಕೆಟ್ಟಾಗ ಮಾಡುವ ಹಾಗೆ, ತನಗೇ ಅರಿವಿಲ್ಲದೆ ಹೆಗಲ ವಲ್ಲಿಯನ್ನು ಕೈಮೇಲೆ ಹೊದೆಸಿ ಚಾಚಿದ. ಅಲ್ಲಿ ದರ ಕುದುರಿಸುವುದೇ ಹಾಗೆ, ಬಟ್ಟೆಯಡಿ ಬೆರಳು ಹಿಡಿದು, ಯಾರಿಗೂ ಕಾಣದಂತೆ.

ಬಟ್ಟೆಯಡಿ ಒಂದು ಕೈ ಬಂತು, ಬಾವಿಯ ತಳದಷ್ಟು ತಣ್ಣಗೆ. ಆರು ಬೆರಳು. ಏಳನೆಯದರ ಜಾಗದಲ್ಲಿ ಹಸಿ ಮೋಟು. ಬೆರಳಿಗೊಂದು ಪೇಟೆ, ಆ ಮೋಟು ಕಟ್ಟು ಬಿಚ್ಚಿಕೊಂಡ ತಮ್ಮದೇ ಪೇಟೆ ಎಂದು ಅವನಿಗೆ ಹೊಳೆಯಿತು. ಉಳಿದ ಬೆರಳುಗಳನ್ನು ಒಂದೊಂದಾಗಿ ಹಿಡಿದ.

“ಕಂಬ ಹೋಯ್ತವ್ವಾ. ಇನ್ನು ಒಂದೊಂದು ಮನೆಗೂ ಹೋಗಿ ಒಂದೊಂದು ತೊಲೆ ಕೇಳ್ಬೇಕು, ಬೇರೆಬೇರೆಯಾಗಿ ಕುದುರಿಸ್ಬೇಕು.”

“ನನಗೆ?”

“ಹೇರಿಗೊಂದು ಹಿಡಿ ಸುಂಕ.”

ಆ ಕೈ ಮೂಳೆ ನೋಯುವಷ್ಟು ಬಿಗಿಯಾಗಿ ಅದುಮಿ ಬಿಟ್ಟಿತು. ಕಲ್ಲುಬಾಗಿಲು ನಿಟ್ಟುಸಿರಿಟ್ಟು ತೆರೆದುಕೊಂಡಿತು.

ಅರಮನೆಯಲ್ಲಿ ದೊರೆ ಉತ್ತರಗಳ ಅರ್ಥ ಕೇಳಿದ.

“ಗೋಡೆಯಾದ್ರೆ ಗಾಳೀನೂ ತಡೀತಿತ್ತು ಬುದ್ಧಿ. ಗಡಿ ನಾವೇ ಎಳ್ಕೊಂಡಿದ್ದು. ನಿಧಿ ಕದ್ದೋನಿಗೆ ದಕ್ಕುತ್ತೆ, ನಂಬಿಕೆ ದಕ್ಕಲ್ಲ. ಮೂರನೇದು, ಆರು ಪೇಟೆಗೂ ಕಾಲು ಸವೆಸೋ ಕೆಲಸ.”

“ಅವಳು ಸತ್ತಳೇನೋ?”

“ಇಲ್ಲ ಬುದ್ಧಿ. ಬಿಟ್ಟುಬಂದ ಬಾಗಿಲಲ್ಲಿ ಅವಳು ಇದ್ದೇ ಇರ್ತಾಳೆ. ದರ ಕುದುರಿದೆ, ಅಷ್ಟೇ.”

ದೊರೆ ವ್ಯಾಪಾರದ ಮುದ್ರೆಯುಂಗುರ ತೆಗೆದು ಮಾಳಿಂಗನ ಬೆರಳಿಗೆ ತೊಡಿಸಿದ. ಉರಿಬಿಸಿಲಿನ ಮಧ್ಯಾಹ್ನ. ಅವಳು ಅದುಮಿದ್ದ ಬೆರಳು ಇನ್ನೂ ತಣ್ಣಗಿತ್ತು; ಚಿನ್ನದ ಮೇಲೆ ಮೆಲ್ಲಗೆ ಇಬ್ಬನಿ ಕಟ್ಟತೊಡಗಿತು.